ಸೋತವರಿಂದಲೂ ಕಂಪನಿಗೆ ಲಾಭ ಇದೆಯಾ?

ಪ್ರಶ್ನೆ: ಹುಬ್ಬಳ್ಳಿ ವಿದ್ಯಾನಗರದಲ್ಲಿ ರೂಮ್ ಮಾಡಿಕೊಂಡು ಒಬ್ಬನೇ ಆಪ್ ಮಾಡಿಕೊಡುವ ಕೆಲಸ ಮಾಡುತ್ತೇನೆ. ದೊಡ್ಡ ಕಂಪನಿಗಳು ಆಪ್ ಸ್ಪರ್ಧೆ ಇಟ್ಟು ಲಕ್ಷಗಟ್ಟಲೆ ಬಹುಮಾನ ಅನ್ನುತ್ತವೆ. ಸುಮ್ನೆ ಇಷ್ಟು ದುಡ್ಡು ಕೊಡ್ತಾರಾ ಸರ್? ನಾನು ಇಳಿಯಬಹುದಾ?

ಉತ್ತರ: ಕೊಡುವುದು ನಿಜ. ಸುಮ್ನೆ ಕೊಡುವುದಿಲ್ಲ ಅಷ್ಟೇ.

ನಮ್ಮ ಕಡೆ ಜಾತ್ರೆಯ ಕುಸ್ತಿ ನೋಡಿದ್ದೀರಲ್ವಾ? ಬೆಳ್ಳಿ ಕಡಗ ಹಾಕಿಕೊಂಡು ಹೋಗುವವನು ಒಬ್ಬನೇ. ಆದರೆ ಆ ಕಡಗ ಇದೆ ಅಂತಲೇ ಸುತ್ತಲಿನ ಊರುಗಳ ಪೈಲ್ವಾನರು ಬರುತ್ತಾರೆ, ಅವರ ಹಿಂದೆ ಮಂದಿ ಬರುತ್ತಾರೆ, ಮಿರ್ಚಿ ಅಂಗಡಿಯವರಿಗೂ ಕೈತುಂಬ ವ್ಯಾಪಾರ. ಕಂಪನಿ ಇಡುವ ಬಹುಮಾನವೂ ಅಂಥದ್ದೇ ಕಡಗ.

2007ರ ನವೆಂಬರ್‌ನಲ್ಲಿ ಗೂಗಲ್ ಆಂಡ್ರಾಯ್ಡ್ ಘೋಷಿಸಿದಾಗ ಅಂಗಡಿಯಲ್ಲಿ ಒಂದೂ ಆಂಡ್ರಾಯ್ಡ್ ಫೋನ್ ಇರಲಿಲ್ಲ. ಮೊದಲನೆಯದು ಮಾರಾಟಕ್ಕೆ ಬಂದದ್ದೇ 2008ರ ಅಕ್ಟೋಬರ್‌ನಲ್ಲಿ. ಆಪ್ ಇಲ್ಲದ ಫೋನ್ ಯಾರು ಕೊಳ್ಳುತ್ತಾರೆ? ಯಾರ ಕೈಯಲ್ಲೂ ಇಲ್ಲದ ಫೋನಿಗೆ ಯಾರು ಆಪ್ ಬರೆಯುತ್ತಾರೆ? ಈ ಗಂಟು ಬಿಡಿಸಲು ಗೂಗಲ್ ಒಟ್ಟು 1 ಕೋಟಿ ಡಾಲರ್ ಬಹುಮಾನ ಇಟ್ಟಿತು. ಮೊದಲ ಸ್ಪರ್ಧೆಗೆ 1,788 ಆಪ್ ಬಂದವು. 50ಕ್ಕೆ ತಲಾ 25,000 ಡಾಲರ್ ಸಿಕ್ಕಿತು. ಅವುಗಳಲ್ಲೇ 10ಕ್ಕೆ 2,75,000, ಇನ್ನೂ 10ಕ್ಕೆ 1 ಲಕ್ಷ ಡಾಲರ್.

ಉಳಿದ 1,738 ಆಪ್‌ಗಳಿಗೆ ಬಿಡಿಗಾಸೂ ಇಲ್ಲ. ಆದರೆ ಅವುಗಳನ್ನು ಬರೆದವರೆಲ್ಲ ತಮ್ಮದೇ ಕರೆಂಟು, ತಮ್ಮದೇ ಚಹಾ ಖರ್ಚಿನಲ್ಲಿ ಆಂಡ್ರಾಯ್ಡ್ ಕಲಿತುಬಿಟ್ಟಿದ್ದರು. ಇಷ್ಟು ಜನರನ್ನು ಸಂಬಳ ಕೊಟ್ಟು ಕೂರಿಸಿದ್ದರೆ? ಕಂಪನಿಯ ಲೆಕ್ಕ ಇರುವುದು ಇಲ್ಲೇ.

ಇನ್ನೊಂದು ಬಗೆಯ ಸ್ಪರ್ಧೆಯಲ್ಲಿ ಕಂಪನಿಗೆ ಬೇಕಿರುವುದು ಒಂದು ಲೆಕ್ಕಕ್ಕೆ ಉತ್ತರ. ಸಿನಿಮಾ ಸೂಚಿಸುವ ತನ್ನ ಪ್ರೋಗ್ರಾಂ ಶೇ. 10ರಷ್ಟು ಸುಧಾರಿಸಿದವರಿಗೆ 10 ಲಕ್ಷ ಡಾಲರ್ ಅಂತ ನೆಟ್‌ಫ್ಲಿಕ್ಸ್ 2006ರಲ್ಲಿ ಸಾರಿತ್ತು. 2009ರಲ್ಲಿ ಎರಡು ತಂಡಗಳ ಅಂಕ ಸಮ ಬಂತು. ಒಂದು ತಂಡ 20 ನಿಮಿಷ ತಡವಾಗಿ ಕಳಿಸಿತ್ತು, ಬಹುಮಾನ ಹೋಯಿತು! ಗೆದ್ದ ತಂಡದ್ದನ್ನಾದರೂ ಬಳಸಿದರಾ? ಪೂರ್ತಿ ಬಳಸಲೇ ಇಲ್ಲ. ಅಳವಡಿಸುವ ಶ್ರಮಕ್ಕೆ ತಕ್ಕ ಲಾಭ ಇಲ್ಲ ಅಂದರು.

ಇಳಿಯಿರಿ. ಆದರೆ ಬಾಡಿಗೆ ದುಡ್ಡಿಗೆ ಇದನ್ನೇ ನಂಬಿಕೊಂಡಿದ್ದರೆ ಬೇಡ. ಹೇಗೂ ಕಲಿಯಬೇಕೆಂದಿದ್ದ ವಿಷಯದ ಸ್ಪರ್ಧೆ ಆರಿಸಿ, ಆಗ ಸೋತರೂ ಮುಂದಿನ ಗಿರಾಕಿಗೆ ತೋರಿಸಲು ಒಂದು ಆಪ್ ಇರುತ್ತದೆ.

ನಿಯಮಗಳನ್ನು ಮಾತ್ರ ಮೊದಲೇ ಓದಿ. ನಾನೊಮ್ಮೆ ಎಲ್ಲ ಕಳಿಸಿದ ಮೇಲೆ ಓದಿದೆ: ‘ಬಂದ ಕೋಡ್ ಎಲ್ಲವೂ ನಮ್ಮದೇ’ ಅಂತಿತ್ತು, ಸೋತವರದ್ದೂ ಸೇರಿ. ಬಳಸಲು ಅನುಮತಿ ಕೇಳುವುದು ಬೇರೆ, ಒಡೆತನವನ್ನೇ ಬರೆಸಿಕೊಳ್ಳುವುದು ಬೇರೆ. ಹಾಗೇ, ಹೆಸರು ಹಚ್ಚಲು ನಿಮ್ಮಿಂದಲೇ ದುಡ್ಡು ಕೇಳುವ ಸ್ಪರ್ಧೆ ಇದ್ದರೆ ಅತ್ತ ತಲೆ ಹಾಕಲೇಬೇಡಿ.