ಪದ ಪರಿಚಯ: ರಕ್ತದೊತ್ತಡದ ದೂರನಿಗಾ

'ಟೆಲಿ' ಎಂಬುದು ಗ್ರೀಕ್ ಮೂಲದ ಪದಭಾಗ. ಅದರ ಅರ್ಥ 'ದೂರ'. ರೋಗಿ ಒಂದೆಡೆ, ವೈದ್ಯರು ಇನ್ನೊಂದೆಡೆ ಇದ್ದುಕೊಂಡು ಫೋನ್, ವಿಡಿಯೊ ಕರೆ ಅಥವಾ ಸಂದೇಶಗಳ ಮೂಲಕ ನಡೆಸುವ ವೈದ್ಯಕೀಯಕ್ಕೆ ಟೆಲಿಮೆಡಿಸಿನ್ ಎನ್ನುತ್ತಾರೆ. ಅದರ ಒಂದು ಬಗೆಯೇ ಟೆಲಿಮಾನಿಟರಿಂಗ್, ಅಂದರೆ ದೂರನಿಗಾ: ರೋಗಿ ಮನೆಯಲ್ಲಿ ಅಳೆದುಕೊಂಡ ಬಿಪಿಯ ಅಂಕಿಗಳು ವೈದ್ಯರನ್ನು ತಲುಪುತ್ತವೆ, ಅವುಗಳನ್ನು ನೋಡಿ ಅವರು ಮಾತ್ರೆಯನ್ನು ಹೆಚ್ಚಿಸುತ್ತಾರೆ, ಇಳಿಸುತ್ತಾರೆ ಅಥವಾ ಬದಲಾಯಿಸುತ್ತಾರೆ.

ಅಧಿಕ ರಕ್ತದೊತ್ತಡಕ್ಕೆ ಈ ಕ್ರಮ ಒಗ್ಗುವುದಕ್ಕೆ ಕಾರಣ ಆ ಕಾಯಿಲೆಯ ಸ್ವಭಾವದಲ್ಲೇ ಇದೆ. ಒತ್ತಡ ಏರಿದ್ದು ಸಾಮಾನ್ಯವಾಗಿ ಮೈಗೆ ತಿಳಿಯುವುದಿಲ್ಲ; ಅದು ದಿನವಿಡೀ ಏರಿಳಿಯುತ್ತಲೂ ಇರುತ್ತದೆ. ಕೆಲವರಿಗೆ ವೈದ್ಯರ ಎದುರು ಕುಳಿತಾಗ ಮಾತ್ರ ಬಿಪಿ ಏರುತ್ತದೆ. ಇನ್ನು ಕೆಲವರಿಗೆ ಅಲ್ಲಿ ಸರಿಯಾಗಿದ್ದು ಮನೆಯಲ್ಲಿ ಹೆಚ್ಚಿರುತ್ತದೆ, ಹೆಚ್ಚು ಅಪಾಯಕಾರಿ ಈ ಎರಡನೆಯದೇ. ಚಿಕಿತ್ಸಾಲಯದಲ್ಲಿ 140/90 ಅನ್ನು ಗಡಿಯೆಂದು ಹಿಡಿಯುವ ಕಡೆಗಳಲ್ಲಿ, ಮನೆಯ ಅಳತೆಯ ಸರಾಸರಿಗೆ 135/85 ಗಡಿಯಾಗುತ್ತದೆ.

2018ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, ಮನೆಯ ಅಂಕಿಗಳನ್ನು ಆಧರಿಸಿ ವೈದ್ಯರು ಔಷಧ ಹೊಂದಿಸಿದವರಲ್ಲಿ ಬಿಪಿಯ ಮೇಲಿನ, ಅಂದರೆ ಮೊದಲ, ಅಂಕಿ ಒಂದು ವರ್ಷದ ಬಳಿಕ ಸರಾಸರಿ 136–137ಕ್ಕೆ ಇಳಿದಿತ್ತು. ಚಿಕಿತ್ಸಾಲಯದ ಅಳತೆಯನ್ನೇ ನಂಬಿದವರದು ಸುಮಾರು 140 ಇತ್ತು. ಫೋನ್ ಮೂಲಕ ಅಂಕಿ ಕಳುಹಿಸಿದವರಿಗೆ ಇಳಿಕೆ ಬೇಗ ಬಂತು, ಆದರೆ ಮನೆಯಲ್ಲಿ ಅಳೆದು ಕಾಗದದಲ್ಲಿ ಬರೆದು ಕಳುಹಿಸಿದವರೂ ವರ್ಷದ ಕೊನೆಗೆ ಹೆಚ್ಚುಕಡಿಮೆ ಅಲ್ಲಿಗೇ ತಲುಪಿದರು. ನನ್ನ ದೃಷ್ಟಿಯಲ್ಲಿ ಇದು ಬಹಳ ಮುಖ್ಯವಾದ ಸಂಗತಿ: ದೂರನಿಗಾದ ಜೀವಾಳ ಇರುವುದು ಸಾಧನದಲ್ಲಿ ಅಲ್ಲ, ಪ್ರಾಮಾಣಿಕವಾಗಿ ಅಳೆದ ಅಂಕಿಯಲ್ಲಿ ಮತ್ತು ಅದನ್ನು ನೋಡಿ ತಡಮಾಡದೆ ಔಷಧ ಹೊಂದಿಸುವುದರಲ್ಲಿ.

ಆದ್ದರಿಂದ ಅಳೆಯುವ ಆ ಕೆಲವು ನಿಮಿಷಗಳಿಗೆ ಬೆಲೆಯಿದೆ. ಕಾಫಿ, ತಂಬಾಕು, ವ್ಯಾಯಾಮಗಳಿಂದ ಅರ್ಧ ಗಂಟೆ ದೂರವಿದ್ದು, ಮೂತ್ರ ವಿಸರ್ಜಿಸಿ, ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೆ ಊರಿ, 5 ನಿಮಿಷ ಸುಮ್ಮನೆ ಕೂರಬೇಕು. ಬಿಪಿ ಯಂತ್ರದ ಪಟ್ಟಿಯನ್ನು ಬರಿಯ ತೋಳಿಗೆ ಕಟ್ಟಿ, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಡಬೇಕು; ಕೈ ಕೆಳಗೆ ಜೋತಾಡಿದರೂ, ಪಟ್ಟಿ ತೋಳಿಗೆ ಚಿಕ್ಕದಾದರೂ, ನಡುವೆ ಮಾತಾಡಿದರೂ ಅಂಕಿ ಸುಳ್ಳಾಗಿ ಏರುತ್ತದೆ. ಒಂದು ನಿಮಿಷದ ಅಂತರದಲ್ಲಿ ಎರಡು ಬಾರಿ, ಬೆಳಿಗ್ಗೆ ಮತ್ತು ಸಂಜೆ, ಒಂದು ವಾರ ಅಳೆದು, ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯುವುದು ರೂಢಿ. 148 ಬಂದಾಗ ಬೇಸರಪಟ್ಟು, 136 ಬರುವವರೆಗೆ ಮತ್ತೆ ಮತ್ತೆ ಅಳೆದು ಅದೊಂದನ್ನೇ ಕಳುಹಿಸುವವರಿದ್ದಾರೆ. ಹಾಗೆ ಮಾಡಿದರೆ ವೈದ್ಯರು ಔಷಧ ಹೊಂದಿಸುವುದು ಇಲ್ಲದ ರೋಗಿಯೊಬ್ಬರಿಗೆ.

ದೂರದಿಂದ ಆಗದ ಕೆಲಸಗಳೂ ಇವೆ. ಕೆಲವು ಬಿಪಿ ಮಾತ್ರೆಗಳನ್ನು ಸೇವಿಸುವವರಲ್ಲಿ ಮೂತ್ರಪಿಂಡದ ಕೆಲಸವನ್ನೂ ಪೊಟ್ಯಾಸಿಯಂ ಮಟ್ಟವನ್ನೂ ತಿಳಿಯಲು ರಕ್ತಪರೀಕ್ಷೆ ಬೇಕು. ಹೃದಯಬಡಿತ ಅನಿಯಮಿತವಾಗಿದ್ದರೆ ಯಂತ್ರದ ಅಂಕಿ ಅಷ್ಟು ನೆಚ್ಚಿಕೆಗೆ ಅರ್ಹವಲ್ಲ. ಬಿಪಿ 180/120 ದಾಟಿ, ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಮಾತಿನ ತೊದಲು, ಕೈಕಾಲಿನ ಬಲಹೀನತೆ ಅಥವಾ ದೃಷ್ಟಿ ಮಂಜಾಗುವುದು ಕಂಡರೆ, ಸಂದೇಶಕ್ಕೆ ಉತ್ತರ ಬರಲೆಂದು ಕಾಯದೆ ಕೂಡಲೇ ತುರ್ತು ಚಿಕಿತ್ಸೆಗೆ ಹೋಗಬೇಕು.