ಎಷ್ಟು ಪರ್ಸೆಂಟ್ ಎಂದು ಕೇಳುವ ಮೊದಲು

ಸಾರಿಗೆ ನೌಕರರ ಸಂಘಟನೆಗಳು ಮುಷ್ಕರದ ನೋಟಿಸ್ ಕೊಟ್ಟವೆಂದರೆ ನನ್ನ ಕಚೇರಿಗೆ ಬರುವ ಚಾಲಕರ, ನಿರ್ವಾಹಕರ, ಡಿಪೋ ಮೆಕ್ಯಾನಿಕ್‌ಗಳ ಸಂಖ್ಯೆ ಇದ್ದಕ್ಕಿದ್ದಂತೆ ಏರುತ್ತದೆ. ಬೆಳಗಿನ ಪಾಳಿ ಮುಗಿಸಿ ಖಾಕಿಯಲ್ಲೇ ಬಂದು ಕೂರುವ ಇವರೆಲ್ಲರಿಗೂ ಸಂಬಳ ಹೆಚ್ಚಳದ ಬಗ್ಗೆ ಮೊದಲ ಪ್ರಶ್ನೆ ಒಂದೇ: ‘ಸಾರ್, ಈ ಸಲ ಎಷ್ಟು ಪರ್ಸೆಂಟ್ ಆಗಬಹುದು?’ ಯಾವುದರ ಮೇಲೆ, ಯಾವ ತಾರೀಖಿನಿಂದ ಎಂದು ನಾನು ಮರುಪ್ರಶ್ನೆ ಹಾಕಿದರೆ, ಕೇಳಿದ್ದಕ್ಕೆ ಉತ್ತರ ಕೊಡಲಾಗದೆ ಮಾತು ತೇಲಿಸುವ ವಕೀಲನೆಂಬಂತೆ ನನ್ನನ್ನು ನೋಡುತ್ತಾರೆ. ಕಾರ್ಮಿಕ ಕಾನೂನಿನ ಕೆಲಸದಲ್ಲಿ ಇಷ್ಟು ವರ್ಷ ಕಳೆದ ಮೇಲೂ ಈ ನೋಟಕ್ಕೆ ನಾನು ಒಗ್ಗಿಕೊಂಡಿಲ್ಲ.

ನಾಲ್ಕು ಸಾರಿಗೆ ನಿಗಮಗಳಲ್ಲಿ ನಾಲ್ಕು ವರ್ಷಕ್ಕೊಮ್ಮೆ ವೇತನ ಪರಿಷ್ಕರಣೆ ಆಗಬೇಕೆಂಬುದು ನಡೆದುಬಂದ ಪದ್ಧತಿ. 2016ರ ಜುಲೈನಲ್ಲಿ ನೌಕರರು ಶೇ 35 ಕೇಳಿ, ಮೂರು ದಿನ ಬಸ್ ನಿಲ್ಲಿಸಿ, ಶೇ 12.5ಕ್ಕೆ ಒಪ್ಪಿಕೊಂಡರು. ಮುಂದಿನ ಪರಿಷ್ಕರಣೆ 2020ರ ಜನವರಿ 1ರಿಂದ ಬರಬೇಕಿತ್ತು. ಅಷ್ಟರಲ್ಲಿ ಕೋವಿಡ್ ಬಂತು, 2020ರ ಡಿಸೆಂಬರ್‌ನ ಮುಷ್ಕರ ಬಂತು, 2021ರ ಏಪ್ರಿಲ್‌ನಲ್ಲಿ ಎರಡು ವಾರ ನಡೆದು ಎಷ್ಟೋ ಮಂದಿಯ ಅಮಾನತು, ವಜಾಗಳಿಗೆ ಕಾರಣವಾದ ಮುಷ್ಕರವೂ ಬಂತು. ಕೊನೆಗೆ 2023ರ ಮಾರ್ಚ್‌ನಲ್ಲಿ ಮೂಲ ವೇತನದ ಮೇಲೆ ಶೇ 15ರಷ್ಟು ಹೆಚ್ಚಳವಾಯಿತು. ಟಿ.ವಿ. ಪರದೆಯ ಮೇಲೆ ‘15’ ಎಂಬ ಅಂಕಿ ದೊಡ್ಡದಾಗಿ ಕಾಣಿಸಿತು. ಹಣ ಕೈಗೆ ಬರುವುದು 2023ರ ಮಾರ್ಚ್ 1ರಿಂದ ಎಂಬುದನ್ನು ತಿಳಿಯಲು ಆದೇಶವನ್ನೇ ಓದಬೇಕಿತ್ತು. ಇಂದಿಗೂ ನಾವು ಮಾತನಾಡುತ್ತಿರುವ 38 ತಿಂಗಳ ಹಿಂಬಾಕಿ ಹುಟ್ಟಿದ್ದು 2020ರ ಜನವರಿ 1 ಮತ್ತು ಈ ತಾರೀಖಿನ ನಡುವೆ.

ಲೆಕ್ಕವನ್ನು ಒಮ್ಮೆ ನಿಧಾನವಾಗಿ ಮಾಡೋಣ, ಏಕೆಂದರೆ ನನ್ನ ಎದುರು ಕೂತವರು ಇಲ್ಲೇ ಅವಸರ ಮಾಡುತ್ತಾರೆ. ಒಬ್ಬರ ಬೇಸಿಕ್ 20,000 ರೂಪಾಯಿ, ಎಲ್ಲ ಭತ್ಯೆ ಸೇರಿ ಪೇ ಸ್ಲಿಪ್‌ನ ಒಟ್ಟು ಮೊತ್ತ 35,000 ಎಂದಿಟ್ಟುಕೊಳ್ಳಿ. ಶೇ 15 ಎಂದಾಗ ಅವರ ಮನಸ್ಸು 35,000ದ ಮೇಲೆ 5,250 ಎಂದು ಎಣಿಸಿಬಿಡುತ್ತದೆ, ಮೊದಲು ಸೇರುವುದಾದರೋ ಬೇಸಿಕ್‌ನ ಮೇಲಿನ 3,000. ಇದರಿಂದ ನಿರಾಶರಾಗಬೇಕಿಲ್ಲ, ಬೇಸಿಕ್ ಏರಿದರೆ ಅದನ್ನು ಹಿಡಿದುಕೊಂಡು ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ, ಭವಿಷ್ಯ ನಿಧಿ, ಉಪದಾನ (ಗ್ರಾಚ್ಯುಟಿ), ರಜೆ ನಗದೀಕರಣ ಎಲ್ಲವೂ ಏರುತ್ತವೆ. 30 ವರ್ಷ ಸೇವೆ ಮಾಡಿದವರಿಗೆ ಆ 3,000 ರೂಪಾಯಿ ಉಪದಾನದಲ್ಲೇ 51,923 ರೂಪಾಯಿಯ ವ್ಯತ್ಯಾಸ ತರುತ್ತದೆ. ಆದರೆ ಅದೇ 3,000ವನ್ನು 38 ತಿಂಗಳು ತಡವಾಗಿ ಕೊಟ್ಟರೆ, ತುಟ್ಟಿಭತ್ಯೆಯನ್ನು ಸೇರಿಸದೆಯೇ, ಕೈತಪ್ಪುವ ಹಣ 1,14,000 ರೂಪಾಯಿ. ಶೇಕಡಾವಾರಿನಲ್ಲಿ ಒಂದೆರಡು ಅಂಕಿಗಾಗಿ ರಾತ್ರಿಯಿಡೀ ಜಗ್ಗಾಡುವವರು ತಾರೀಖಿನ ಮಾತು ಬಂದಾಗ ‘ಅದು ಆಮೇಲೆ ನೋಡೋಣ’ ಎಂದುಬಿಡುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಸರ್ಕಾರಿ ನೌಕರರಿಗೆ ಸರಿಸಮಾನ ವೇತನ ಬೇಕೆಂಬ ಬೇಡಿಕೆ ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ. ಆದರೂ ಅಲ್ಲಿನ ಅಂಕಿಗಳನ್ನೂ ಬಿಡಿಸಿ ನೋಡಬೇಕು. ರಾಜ್ಯದ ಏಳನೇ ವೇತನ ಆಯೋಗದಲ್ಲಿ ಶೇ 58.5 ಎಂದು ಜನ ಹೇಳಿಕೊಂಡರು. ಅದರಲ್ಲಿ ಶೇ 31 ಆಗಲೇ ಪಡೆಯುತ್ತಿದ್ದ ತುಟ್ಟಿಭತ್ಯೆ, ಹೊಸದಾಗಿ ಸೇರಿದ್ದು ಶೇ 27.5. ಬೇಸಿಕ್ 20,000 ಇದ್ದವರಿಗೆ ತುಟ್ಟಿಭತ್ಯೆ ಸೇರಿ 26,200 ಇದ್ದದ್ದು 31,700 ಆಯಿತು, ಅಂದರೆ ನಿಜವಾದ ಏರಿಕೆ ಸುಮಾರು ಶೇ 21. (ನಡುವೆ ಕೊಟ್ಟ ಶೇ 17ರ ಮಧ್ಯಂತರ ಪರಿಹಾರವನ್ನು ಇಲ್ಲಿ ಲೆಕ್ಕಕ್ಕೆ ತಂದಿಲ್ಲ.) ಅಲ್ಲಿಯೂ ಪರಿಷ್ಕರಣೆ 2022ರ ಜುಲೈ 1ರಿಂದ ಕಾಲ್ಪನಿಕವಾಗಿ, ಆರ್ಥಿಕ ಲಾಭ 2024ರ ಆಗಸ್ಟ್ 1ರಿಂದ. ‘ಕಾಲ್ಪನಿಕ’ ಎಂಬ ಆ ಪದ ಆದೇಶದಲ್ಲಿ ಕಂಡರೆ ಅದರ ಕೆಳಗೆ ಗೆರೆ ಎಳೆಯಿರಿ: ಸಂಬಳ ಏರಿದಂತೆ ಕಾಗದದಲ್ಲಿ ಎಣಿಸುತ್ತಾರೆ, ಆ ಅವಧಿಯ ಹಣ ಕೊಡುವುದಿಲ್ಲ ಎಂದು ಅದರ ಅರ್ಥ.

2023ರ ಬೇಸಿಗೆಯಲ್ಲಿ, ಹಿಂದಿನ ವರ್ಷ ನಿವೃತ್ತರಾಗಿದ್ದ ನಿರ್ವಾಹಕರೊಬ್ಬರು ಹೆಂಡತಿಯೊಂದಿಗೆ ಬಂದರು. ಹಳೆಯ ಚರ್ಮದ ಚೀಲದಿಂದ ಪೇ ಸ್ಲಿಪ್‌ಗಳನ್ನು ತೆಗೆದರು. ನೋಟುಗಳನ್ನು ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಂಡ ಅಭ್ಯಾಸಕ್ಕೋ ಏನೋ, ಎಲ್ಲವನ್ನೂ ಉದ್ದಕ್ಕೆ ಮಡಚಿಟ್ಟಿದ್ದರು. ಒಂದೊಂದನ್ನೇ ಮೇಜಿನ ಅಂಚಿಗೆ ತಿಕ್ಕಿ ನೇರ ಮಾಡಿ ಕೊಡುತ್ತ, ‘ಹದಿನೈದು ಪರ್ಸೆಂಟ್ ನಮಗೂ ಬಂತಲ್ಲ ಸಾರ್, ಯಾವಾಗ ಕೈಗೆ ಕೊಡ್ತಾರೆ?’ ಎಂದರು. 2020ರ ಡಿಸೆಂಬರ್‌ನಲ್ಲಿ ಮುಷ್ಕರಕ್ಕೆ ನಿಂತವರು ಅವರು, ಸಂಬಳ ಕಡಿತ ಅನುಭವಿಸಿದವರು. ಆದೇಶದ ತಾರೀಖು ಅವರ ನಿವೃತ್ತಿಯನ್ನು ದಾಟಿ ನಿಂತಿತ್ತು. ಇದನ್ನು ಹೇಗೆ ಹೇಳುವುದೆಂದು ನಾನು ಯೋಚಿಸುತ್ತಿದ್ದಾಗ, ‘ಬಿಡ್ರೀ, ಅವರ ಮುಖ ನೋಡಿದ್ರೇ ಗೊತ್ತಾಗುತ್ತೆ’ ಎಂದು ಅವರ ಹೆಂಡತಿಯೇ ಹೇಳಿದರು. ಅವರಂಥವರ ಉಪದಾನ ಮತ್ತು ರಜೆ ನಗದೀಕರಣದ ವ್ಯತ್ಯಾಸಕ್ಕಾಗಿ ಸಂಘಟನೆಗಳು ಮತ್ತೆ ಪ್ರತ್ಯೇಕವಾಗಿ ದನಿ ಎತ್ತಬೇಕಾಯಿತು.

‘ಕೇಸು ಹಾಕಿ ವಸೂಲಿ ಮಾಡಿಕೊಡಿ’ ಎನ್ನುವವರಿಗೆ ಒಂದು ಮಾತು. ಕೈಗಾರಿಕಾ ವಿವಾದಗಳ ಕಾಯ್ದೆ, 1947ರ 33ಸಿ(2) ಕಲಮಿನಲ್ಲಿ ಕಾರ್ಮಿಕ ನ್ಯಾಯಾಲಯ ಮಾಡುತ್ತಿದ್ದುದು ಈಗಾಗಲೇ ಇರುವ ಹಕ್ಕಿನ ಲೆಕ್ಕವನ್ನು, ಇಲ್ಲದ ಹಕ್ಕನ್ನು ಅದು ಸೃಷ್ಟಿಸುತ್ತಿರಲಿಲ್ಲ. ಆ ಕಾಯ್ದೆಯ ಜಾಗಕ್ಕೆ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆಯೆಂದು ಈ ತತ್ತ್ವ ಬದಲಾಗುತ್ತದೆಂದು ನಾನು ಭಾವಿಸುವುದಿಲ್ಲ. ಆರ್ಥಿಕ ಲಾಭ ಇಂಥ ತಾರೀಖಿನಿಂದ ಎಂದು ಆದೇಶವೇ ಹೇಳಿದ್ದರೆ, ಅದಕ್ಕೂ ಹಿಂದಿನ ತಿಂಗಳುಗಳಿಗೆ ಆ ದಾರಿಯಲ್ಲಿ ಹೋಗುವುದು ಕಷ್ಟ. ಆ ತಾರೀಖನ್ನೇ ಪ್ರಶ್ನಿಸಬೇಕಾಗುತ್ತದೆ, ಅದು ಬೇರೆಯೇ ವ್ಯಾಜ್ಯ. ಪ್ರತಿಯೊಬ್ಬರ ಕಾಗದಪತ್ರ ನೋಡದೆ ಇದಕ್ಕಿಂತ ಹೆಚ್ಚು ಹೇಳುವುದು ಸರಿಯಲ್ಲ.

2025ರ ಆಗಸ್ಟ್ 5ರ ಮುಷ್ಕರದ ಬೇಡಿಕೆಗಳಲ್ಲಿ 38 ತಿಂಗಳ ಹಿಂಬಾಕಿಯೂ 2024ರ ಜನವರಿ 1ರಿಂದ ಆಗಬೇಕಾದ ಪರಿಷ್ಕರಣೆಯೂ ಇದ್ದವು. ತಾರೀಖು ಕಳೆದುಕೊಂಡ ಪಾಠದಿಂದಲೇ ಬೇಡಿಕೆಯೊಳಗೆ ತಾರೀಖು ಬಂದಿದೆ, ಇದು ನನಗೆ ಸಮಾಧಾನದ ಸಂಗತಿ. ಸಂಘಟನೆಯ ಮುಖಂಡರಲ್ಲಿ ನನ್ನದೊಂದು ವಿನಂತಿಯಿದೆ: ಸಂಧಾನದ ಮೇಜಿನಲ್ಲಿ ಶೇಕಡಾವಾರು ಬಗೆಹರಿದ ಗಳಿಗೆಯಲ್ಲೇ ಕೈಕುಲುಕಿ ಏಳಬೇಡಿ, ಆರ್ಥಿಕ ಲಾಭದ ತಾರೀಖು, ನಡುವೆ ನಿವೃತ್ತರಾದವರ ಮತ್ತು ತೀರಿಕೊಂಡವರ ಕುಟುಂಬದವರ ಪಾಲು, ಬೇಸಿಕ್‌ಗೆ ತುಟ್ಟಿಭತ್ಯೆಯ ವಿಲೀನ, ಇವಿಷ್ಟನ್ನು ಬರಹದಲ್ಲಿ ಪಡೆದ ಮೇಲೆ ಏಳಿ. ನನ್ನಲ್ಲಿಗೆ ಬರುವವರು 2019ರ ಡಿಸೆಂಬರ್, 2023ರ ಫೆಬ್ರವರಿ ಮತ್ತು ಮಾರ್ಚ್ ತಿಂಗಳ ಪೇ ಸ್ಲಿಪ್‌ಗಳನ್ನು ತನ್ನಿ. ಮೊಬೈಲಿನಲ್ಲಿ ಹಿಡಿದ ಟಿ.ವಿ. ಸುದ್ದಿಯ ಚಿತ್ರ ಬೇಡ.