ಸೊಕ್ಕು ಹುಬ್ಬಿನಲ್ಲಿ ಕೂತಿದ್ದು ಹೇಗೆ?

ಇಂಗ್ಲಿಷಿನಲ್ಲಿ ‘ಸೂಪರ್‌ಸಿಲಿಯಸ್’ ಅಂತ ಒಂದು ಪದವಿದೆ. ಎದುರಿಗಿರುವವರು ತನಗೆ ಸಮ ಅಲ್ಲ ಅಂತ ಬಾಯಿಬಿಡದೆ, ಬರೀ ಮುಖದಲ್ಲೇ ತೋರಿಸುತ್ತಾರಲ್ಲ, ಅಂಥವರಿಗೆ ಹೇಳುವ ಪದ. ಸುಮ್ನೆ ಜಂಬ ಅಲ್ಲ, ತಾತ್ಸಾರ ಬೆರೆತ ಜಂಬ.

16ನೇ ಶತಮಾನದಲ್ಲಿ ಇದು ಲ್ಯಾಟಿನ್‌ನಿಂದ ಇಂಗ್ಲಿಷಿಗೆ ಬಂತು. ಲ್ಯಾಟಿನ್‌ನಲ್ಲಿ ‘ಸೂಪರ್’ ಅಂದರೆ ಮೇಲೆ, ‘ಸಿಲಿಯಮ್’ ಅಂದರೆ ರೆಪ್ಪೆ. ರೆಪ್ಪೆಯ ಮೇಲಿರುವುದು ಹುಬ್ಬು, ಅಲ್ವಾ? ಅದೇ ‘ಸೂಪರ್‌ಸಿಲಿಯಮ್’. ಪಕ್ಷಿವೀಕ್ಷಕರು ಈಗಲೂ ಈ ಪದ ಬಳಸುತ್ತಾರೆ. ನಮ್ಮ ಕೆರೆ ದಂಡೆಯಲ್ಲಿ ಬಾಲ ಕುಣಿಸುತ್ತಾ ಓಡಾಡುವ ಸಿಪಿಲೆಯ ಕಪ್ಪು ತಲೆಯ ಮೇಲೆ, ಕಣ್ಣಿನ ಮೇಲ್ಗಡೆ ಒಂದು ಬಿಳಿ ಪಟ್ಟಿ ಇರುತ್ತದೆ. ಅದರ ಹೆಸರೂ ಸೂಪರ್‌ಸಿಲಿಯಮ್ಮೇ.

ರೋಮನ್ನರು ಇದೇ ಪದವನ್ನು ಸೊಕ್ಕಿಗೂ ಬಳಸಿದರು. ಯಾಕೆ ಅನ್ನುವುದಕ್ಕೆ ಪ್ಲಿನಿಯ ಮಾತು ಕೇಳಬೇಕು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ತೀರಿಹೋದ ವಿದ್ವಾಂಸ ಈತ. ಸೊಕ್ಕು ಹುಟ್ಟುವುದು ಎದೆಯಲ್ಲಿ, ಆದರೆ ಮೇಲೇರಿ ಬಂದು ನೆಲೆಸುವುದು ಹುಬ್ಬಿನಲ್ಲಿ ಅನ್ನುತ್ತಾನೆ. ಒಂಟಿಯಾಗಿ ಮೆರೆಯಲು ಇಷ್ಟು ಎತ್ತರದ, ಇಷ್ಟು ಕಡಿದಾದ ಜಾಗ ಮೈಯಲ್ಲಿ ಬೇರೆಲ್ಲೂ ಅದಕ್ಕೆ ಸಿಗಲಿಲ್ಲವಂತೆ! ನಾವಾದರೆ ಹುಬ್ಬೇರಿಸುವುದು ಅಚ್ಚರಿಗೆ, ಹುಬ್ಬು ಗಂಟಿಕ್ಕುವುದು ಸಿಟ್ಟಿಗೆ. ಸೊಕ್ಕು ಬಂದವನಿಗೆ ಕನ್ನಡದಲ್ಲಿ ಕಣ್ಣೇ ನೆತ್ತಿಗೇರುತ್ತದೆ.

ಹಣೆಯ ಮೇಲೆ ಬೆರಳಿಟ್ಟು ಹುಬ್ಬು ಎತ್ತಿ ನೋಡಿ. ಚರ್ಮ ಮಡಚಿಕೊಂಡು ಮೇಲೆ ಸರಿಯುತ್ತದೆ. ಅದನ್ನು ಎಳೆಯುವುದು ಫ್ರಂಟಾಲಿಸ್ ಎಂಬ ಸ್ನಾಯು. ಕೈಕಾಲಿನ ಸ್ನಾಯುಗಳು ಮೂಳೆಗೆ ಅಂಟಿಕೊಂಡಿರುತ್ತವೆ, ಇದು ಮೂಳೆಗೆ ಅಂಟುವುದೇ ಇಲ್ಲ, ಹುಬ್ಬಿನ ಚರ್ಮಕ್ಕೇ ಸೇರಿಕೊಂಡಿದೆ. ಹಾಗಾಗಿ ಕೂದಲೆಳೆಯಷ್ಟು ಎಳೆದರೂ ಎದುರಿಗಿರುವವರಿಗೆ ಕಾಣುತ್ತದೆ.

ನಮ್ಮ ಹಳೆಯ ಬಂಧುಗಳಾದ ಆದಿಮಾನವರ ಹುಬ್ಬಿನ ಜಾಗದಲ್ಲಿ ದಪ್ಪ ಮೂಳೆಯ ಏಣು ಇತ್ತು. 1921ರಲ್ಲಿ ಈಗಿನ ಜಾಂಬಿಯಾದ ಕಾಬ್ವೆ ಗಣಿಯಲ್ಲಿ ಸಿಕ್ಕ ತಲೆಬುರುಡೆಯಲ್ಲಿ ಅದು ಎದ್ದು ಕಾಣುತ್ತದೆ. ಜಗಿಯುವಾಗ ಬೀಳುವ ಒತ್ತಡ ತಡೆಯಲು ಈ ಏಣು ಬೇಕಿತ್ತು ಅನ್ನುವ ವಾದವಿತ್ತು. ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯದ ತಂಡವೊಂದು ಆ ಬುರುಡೆಯನ್ನು ಕಂಪ್ಯೂಟರ್‌ನಲ್ಲಿ ಮರುರೂಪಿಸಿ, ಏಣನ್ನು ತೆಳ್ಳಗೆ ಮಾಡಿ, ಕಚ್ಚಿಸಿ ನೋಡಿತು. ಜಾಸ್ತಿ ವ್ಯತ್ಯಾಸ ಕಾಣಲಿಲ್ಲ. 2018ರಲ್ಲಿ ಅವರು ಇನ್ನೊಂದು ವಿವರಣೆ ಮುಂದಿಟ್ಟರು: ಆ ಏಣು ಎದುರಿನವರಿಗೆ ತನ್ನ ಗತ್ತು ತೋರಿಸಲು ಇದ್ದಿರಬಹುದು. ನಮ್ಮಲ್ಲಿ ಹಣೆ ನೇರವಾಗಿ, ನುಣುಪಾಗಿ ಆದಮೇಲೆ ಹುಬ್ಬಿಗೆ ಆಡಲು ಜಾಗ ಸಿಕ್ಕಿತು. ಗತ್ತಿನ ಜತೆಗೆ ಸ್ನೇಹ, ಗುರುತು, ಕನಿಕರವನ್ನೂ ಅದು ತೋರಿಸತೊಡಗಿತು. ಕಚ್ಚುವ ಒತ್ತಡದ ಭಾಗ ಲೆಕ್ಕ ಹಾಕಿ ನೋಡಿದ್ದು. ಗತ್ತಿನ ಭಾಗ ಇನ್ನೂ ಊಹೆಯೇ, ಆದರೆ ನನಗೆ ತುಂಬಾ ಒಪ್ಪಿಗೆಯಾದ ಊಹೆ.